ಇವತ್ತಿನ ಮರ

ಸ್ನಾನವಾದ ಮೇಲೆ ಮಡಿಯಲ್ಲಿ ಕಂಪ್ಯೂಟರನ್ನು ಮುಟ್ಟುವ ಹಾಗಿಲ್ಲವೆಂದು ಸುಧೀಂದ್ರ ಎದ್ದವನೇ ಹಲ್ಲು ಕೂಡ ಉಜ್ಜದೆ ಅದರ ಮುಂದೆ ಕೂತ. ಇವತ್ತು, ಭಾನುವಾರ, ಮನೆಗೆ ಬರುತ್ತೇನೆಂದು ಬರೆದಿದ್ದ ಭರಮಪ್ಪನಿಂದ ಉತ್ತರ ಬಂದಿರಲಿಲ್ಲ. ಮೂರು ಸಲ ನೋಡಿದ, ಇಲ್ಲ. ನಿನ್ನೆ ಸಂಜೆ ತಾನು ಕಳಿಸಿದ್ದನ್ನೇ ಮತ್ತೆ ತೆರೆದು ಓದಿದ: ‘ಮಾನ್ಯ ಭರಮಪ್ಪನವರೇ, ಭಾನುವಾರ ನಾನು ಊರಿನಲ್ಲಿ ಇರುವುದಿಲ್ಲ, ಮಂತ್ರಾಲಯಕ್ಕೆ ಹೋಗುವುದಿದೆ. ದಯಮಾಡಿ ಶ್ರಮ ತೆಗೆದುಕೊಳ್ಳಬೇಡಿ. ಇತಿ, ವೆಂಕಟಗಿರಿ ರಾವ್.’ ಕೆಳಗೆ ಮನೆ ನಂಬರು, ಕ್ರಾಸು, ಮೇನು, ಬಸವೇಶ್ವರನಗರ, ಬೆಂಗಳೂರು ಎಪ್ಪತ್ತೊಂಬತ್ತು. ವೆಂಕಟಗಿರಿ ರಾಯರು ಸುಧೀಂದ್ರನ ಅಪ್ಪ. ಅವರು ತೀರಿಹೋಗಿ ಎಂಟು ತಿಂಗಳಾಗಿತ್ತು. ಇವತ್ತು ಮಧ್ಯಾಹ್ನ ಅವರ ಮಾಸಿಕ. ಆಚಾರ್ಯರು ಹನ್ನೊಂದಕ್ಕೆ ಬರುವವರಿದ್ದರು. ಅಡಿಗೆಮನೆಯಲ್ಲಿ ಆಗಲೇ ಅಮ್ಮ ವಡೆಗೆ ಉದ್ದು ನೆನೆಹಾಕಿದ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಇವನು ಇಲ್ಲಿ ಬಾಯಿ ವಾಸನೆ ಹೊಡೆಯುತ್ತ ಕೂತು, ಸತ್ತ ಅಪ್ಪನನ್ನು ಮಂತ್ರಾಲಯಕ್ಕೆ ಕಳಿಸಿದ ಪತ್ರ ತಲುಪಿತೋ ಇಲ್ಲವೋ ಎಂದು ಒದ್ದಾಡುತ್ತಿದ್ದ. ಥೂ, ಎಂಥ ಬಾಳು ಎನ್ನಿಸಿತು. ಎನ್ನಿಸಿದರೂ ಇನ್ನೊಂದು ಸಲ ನೋಡಿದ.

ವಿಳಾಸ ಹಾಕಿದ್ದು ಅಪ್ಪನದೇ ಹಟ. ವಿಳಾಸ ಇಲ್ಲದ್ದು ಕಾಗದ ಅಲ್ಲ ಕಣೋ, ಹೆಸರಿಲ್ಲದ ಮೂಗರ್ಜಿ, ಎಂದಿದ್ದರು. ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಎಳೆಸಿದವರು. ಹೊಲದ ಗಡಿಗೆ ಯಾವ ಮರ ಸಾಕ್ಷಿ ಎಂದು ಬರೆದು ಬರೆದು, ನಿವೃತ್ತಿಯಾದ ಮೇಲೂ ಮರ ಕಂಡರೆ ಸುಮ್ಮನಿರಲಾಗುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಮಂಕಿಟೋಪಿ ಹಾಕಿ ಹೊರಟರೆ ಶ್ರೀಗಂಧದ ಕಾವಲ್, ಬ್ಯಾಡರಹಳ್ಳಿ, ಒಮ್ಮೊಮ್ಮೆ ಬಸ್ಸು ಹತ್ತಿ ನಾಯಂಡಹಳ್ಳಿ. ಬಂದವರೇ ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳುವುದು, ಮಗ ಟೈಪು ಮಾಡುವುದು. ‘ಇವತ್ತಿನ ಮರ’ ಎಂದು ಇ-ಮೇಲ್ ಗುಂಪು ಮಾಡಿಕೊಟ್ಟವನು ಸುಧೀಂದ್ರನೇ, ಎರಡು ವರ್ಷದ ಹಿಂದೆ. ಅಪ್ಪನ ಕಾಟ ಒಂದು ವಾರದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ. ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಅರವತ್ತು ಜನ ಸೇರಿಬಿಟ್ಟರು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ದೂರದ ಮರ ಹೇಗೋ ತಿಳಿಯುತ್ತಿತ್ತು, ಹತ್ತಿರದ ಅಕ್ಷರ ತಿಳಿಯುತ್ತಿರಲಿಲ್ಲ. “ಬರ್ಕೊ. ಮಾಗಡಿ ರೋಡು, ಬ್ಯಾಡರಹಳ್ಳಿ ತಿರುವು. ಹೊಂಗೆ. ಹೂವು ಉದುರ್ತಾ ಇದೆ. ಸಮಯ ಆರೂವರೆ. ಇತಿ.” ಅಷ್ಟೇ. ಅದಕ್ಕೆ ಒಂದು ಉಸಿರಿಲ್ಲ, ಒಂದು ಬಣ್ಣವಿಲ್ಲ. ಸುಧೀಂದ್ರನಿಗೆ ಆಫೀಸಿಗೆ ತಡವಾಗುತ್ತಿತ್ತು, ರೇಗುತ್ತಿತ್ತು. ಒಂದು ದಿನ ಆ ರೇಗಿನಲ್ಲೇ ತಾನಾಗಿ ಒಂದು ಸಾಲು ಸೇರಿಸಿದ: ‘ಮದುವೆಮನೆಯವರು ಅರಳು ಚೆಲ್ಲಿ ಹೋದಂತೆ ದಾರಿಯೆಲ್ಲ ಬೆಳ್ಳಗಿತ್ತು.’ ಸಂಜೆ ನೋಡಿದರೆ ಹನ್ನೊಂದು ಉತ್ತರ. ರಾಜಾಜಿನಗರದ ಅಂಜನಮ್ಮ, ನಿವೃತ್ತ ಹೆಡ್‌ಮಿಸ್ಟ್ರೆಸ್, ಬರೆದಿದ್ದರು: ‘ರಾಯರೇ, ಅರಳು ಚೆಲ್ಲಿದಂತೆ ಎಂದಿರಿ, ನನಗೆ ಕಣ್ಣು ತುಂಬಿ ಬಂತು.’ ಅಪ್ಪನಿಗೆ ಓದಿ ಹೇಳುವಾಗ ಅರಳಿನ ಮಾತು ನುಂಗಿಕೊಂಡು ಕಣ್ಣು ತುಂಬಿದ್ದನ್ನು ಮಾತ್ರ ಹೇಳಿದ. ಅಪ್ಪ ತೊಡೆ ತಟ್ಟಿಕೊಂಡರು. “ನೋಡಿದ್ಯಾ? ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಜನಕ್ಕೆ ಹೇಗೆ ತಟ್ಟತ್ತೆ!”

ಆವತ್ತು ನಗು ಬಂದಿತ್ತು. ಅದರ ಜೊತೆ ಎದೆಯಲ್ಲಿ ಏನೋ ಹೊತ್ತಿಕೊಂಡಿತು, ಅದು ಆಮೇಲೆ ಆರಲೇ ಇಲ್ಲ. ವಿದ್ಯುತ್ ನಿಗಮದ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಸುಧೀಂದ್ರ ಮಾಡುವ ಕೆಲಸ ಕರಡು ಬರೆಯುವುದು. ಇವನು ಬರೆದದ್ದಕ್ಕೆ ಮೇಲಿನವರು ಸಹಿ ಹಾಕುತ್ತಾರೆ. ಒಮ್ಮೆ ಸಾಹೇಬರು, ಜಗನ್ನಾಥ ಎಂದು ಹೆಸರು, ಎಲ್ಲರೆದುರು “ಏನ್ರೀ ಇದು, ‘ವ್ಯಥೆಯಿಂದ ತಿಳಿಸುತ್ತೇವೆ’ ಅಂತ ಬರ್ದಿದೀರಿ? ಕರೆಂಟ್ ಹೋಗಿದೆ ಕಣ್ರೀ, ಯಾರೂ ಸತ್ತಿಲ್ಲ” ಎಂದು ಕೆಂಪು ಶಾಯಿಯಲ್ಲಿ ಆ ಪದವನ್ನು ಹೊಡೆದುಹಾಕಿದ್ದರು. ಹಾಲ್ ಪೂರ್ತಿ ನಕ್ಕಿತ್ತು. ಅವನೂ ನಕ್ಕಿದ್ದ. ಇಲ್ಲಿ ಹೊಡೆದುಹಾಕುವವರು ಯಾರೂ ಇರಲಿಲ್ಲ. ಅಪ್ಪ ಹೇಳುವ ಎರಡು ಸಾಲು ಇಪ್ಪತ್ತಾಯಿತು. ಇಪ್ಪತ್ತನ್ನೂ ಅರವತ್ತು ಜನ ಕಾದು ಓದುತ್ತಿದ್ದರು. ನಿಮ್ಮ ಭಾಷೆ, ನಿಮ್ಮ ಮನಸ್ಸು, ನಿಮ್ಮ ಕಣ್ಣು ಎಂದು ಕೊಂಡಾಡುತ್ತಿದ್ದರು. ಅವನದನ್ನೇ. ವೆಂಕಟಗಿರಿ ರಾಯರ ಹೆಸರಿನಲ್ಲಿ.

ಹಾಗಿರುವಾಗ ಅಪ್ಪ ಹೋದರು, ನವೆಂಬರಿನ ಒಂದು ಬೆಳಿಗ್ಗೆ, ಬಾತ್‌ರೂಮಿನಲ್ಲಿ, ಯಾರಿಗೂ ತೊಂದರೆ ಕೊಡದೆ. ಹದಿಮೂರು ದಿನ ಕಂಪ್ಯೂಟರಿಗೆ ಹೊದೆಸಿದ ಬಟ್ಟೆ ತೆಗೆಯಲಿಲ್ಲ. ಹದಿನಾಲ್ಕನೆಯ ದಿನ ವಿಷಯ ತಿಳಿಸೋಣವೆಂದೇ ಕೂತ, ದೇವರಾಣೆಗೂ ತಿಳಿಸಲೆಂದೇ. ನೋಡಿದರೆ ನಲವತ್ತು ಪತ್ರ. ರಾಯರೇ ಹುಷಾರಾಗಿದ್ದೀರಾ, ರಾಯರೇ ಯಾಕೆ ಮೌನ, ನಿಮ್ಮ ಪತ್ರವಿಲ್ಲದೆ ಕಾಫಿ ರುಚಿಸುತ್ತಿಲ್ಲ. ‘ತಿಳಿಸಲು ವಿಷಾದವಾಗುತ್ತದೆ’ ಎಂದು ಟೈಪು ಮಾಡಿದ. ಬೆರಳು ಅಲ್ಲೇ ನಿಂತವು. ಇದನ್ನು ಕಳಿಸಿದ ಮೇಲೆ ಏನು? ಅರವತ್ತು ಜನ ಓಂ ಶಾಂತಿ ಎನ್ನುತ್ತಾರೆ. ಎರಡು ದಿನ ಅಪ್ಪನನ್ನು ಹೊಗಳುತ್ತಾರೆ. ಆಮೇಲೆ ಯಾರೂ ಬರೆಯುವುದಿಲ್ಲ, ಯಾರೂ ಕಾಯುವುದಿಲ್ಲ. ಅಪ್ಪ ಸತ್ತಾಯಿತು, ಅವರ ಜೊತೆ ತಾನೂ ಯಾಕೆ ಹೋಗಬೇಕು? ಆ ಸಾಲನ್ನು ಬದಿಗಿಟ್ಟು ಆಕಾಶಮಲ್ಲಿಗೆಯ ಬಗ್ಗೆ ಒಂದು ಪುಟ ಬರೆದ. ಕೊನೆಗೆ, ‘ಸ್ವಲ್ಪ ನೆಗಡಿಯಾಗಿತ್ತು, ಮನ್ನಿಸಿ’ ಎಂದು ಸೇರಿಸಿ ಕಳಿಸಿಬಿಟ್ಟ. ನೆಗಡಿಗೆ ಮೆಣಸಿನ ಕಷಾಯ ಕುಡಿಯಿರಿ ಎಂದು ಅಂಜನಮ್ಮ ಅರ್ಧ ಗಂಟೆಯಲ್ಲಿ ಬರೆದರು.

“ರೀ, ಆಚಾರ್ರು ಬರೋ ಹೊತ್ತಾಯ್ತು, ಇನ್ನೂ ಅದರ ಮುಂದೆ ಕೂತಿದೀರಲ್ಲ,” ಎಂದು ಹೆಂಡತಿ ಜಲಜಾ ಬಾಗಿಲಲ್ಲಿ ನಿಂತಳು. ಅವಳು ಮಡಿಸೀರೆ ಉಟ್ಟಾಗಿತ್ತು, ಆದ್ದರಿಂದ ಕೋಣೆಯೊಳಗೆ ಕಾಲಿಡಲಿಲ್ಲ. ಅವಳಿಗೆ ಎಲ್ಲ ಗೊತ್ತು. ಯುಗಾದಿಯ ಹೊತ್ತಿಗೆ ಕಂಪ್ಯೂಟರಿನ ಗಾಜು ಒರೆಸುವಾಗ ತೆರೆದಿದ್ದ ಪತ್ರ ಕಣ್ಣಿಗೆ ಬಿದ್ದು ಓದಿದ್ದಳು. ಅವತ್ತು ಅವಳು ಕೂಗಾಡಲಿಲ್ಲ, ಅದೇ ಹೆಚ್ಚು ಚುಚ್ಚಿತ್ತು. ಮಾವನೋರ ಹೆಸರಲ್ಲಿ ಹೀಗೆ ಮಾಡ್ಬೇಡಿ, ಹೇಳಿಬಿಡಿ ಅವರಿಗೆ ಎಂದಿದ್ದಳು. ಇವನೇ ಬಾಯಿಗೆ ಬಂದಂತೆ ಕೂಗಿದ್ದ. ಈಗ ಅವಳು ದನಿ ತಗ್ಗಿಸಿ ಕೇಳಿದಳು: “ಆ ಭರಮಪ್ಪ ಅನ್ನೋರು ಬರ್ತಾರಾ?”

“ಬರಲ್ಲ. ಬರೆದಿದೀನಿ.”

“ಬಂದ್ರೆ ಇವತ್ತಾದ್ರೂ ನಿಜ ಹೇಳಿ. ಇಲ್ದಿದ್ರೆ ನಾನೇ ಹೇಳ್ತೀನಿ ನೋಡಿ.”

“ನೀನು ಅಡಿಗೆ ನೋಡ್ಕೊ ಹೋಗೇ.”

ಅವಳು ಹೋದಳು. ಮಾತಿನ ಪೆಟ್ಟು ಕೊಡುವುದನ್ನು ಮಾತ್ರ ಬಲ್ಲ ಗಂಡಸು ತಾನಲ್ಲವೆಂದು ತೋರಿಸಲೋ ಏನೋ, ಅವನು ಕಂಪ್ಯೂಟರ್ ಆರಿಸಿ, ಬಟ್ಟೆ ಹೊದೆಸಿ, ಅದರ ಅಂಚನ್ನು ನೆಟ್ಟಗೆ ಎಳೆದು ಸ್ನಾನಕ್ಕೆ ಹೋದ. ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವಾಗ ಅಮ್ಮನ ನೆನಪಾಯಿತು. ಅಪ್ಪ ಹೋದ ಮೇಲೆ ಆ ಸ್ಟೂಲಿನ ಮೇಲೆ ಅಮ್ಮ ಬಂದು ಕೂರುತ್ತಿದ್ದಳು. ಕೀಲಿಗಳ ಟಕಟಕ ಶುರುವಾದದ್ದೇ ತಡ, ಕಾಫಿ ಲೋಟ ಹಿಡಿದು ಬಂದು, ಅವನು ಮುಗಿಸುವವರೆಗೆ ಮಾತಾಡದೆ ಕೂತಿರುತ್ತಾಳೆ. ಒಂದೇ ಪ್ರಶ್ನೆ, ದಿನವೂ ಅದೇ: “ಇವತ್ತು ಯಾವ ಮರ ಬರ್ದೆ ಸುಧೀ?” ಇವನು ಹೆಸರು ಹೇಳುತ್ತಾನೆ. “ಅವರಿಗೆ ಅದು ಇಷ್ಟ,” ಎನ್ನುತ್ತಾಳೆ. ಯಾವ ಮರ ಹೇಳಿದರೂ ಅದೇ ಮಾತು. ಮಗ ಅಪ್ಪನ ನೆನಪಿಗೆ ಬರೆಯುತ್ತಿದ್ದಾನೆ ಎಂದು ತಿಳಿದಿದ್ದಾಳೆ. ಹಾಗೆ ತಿಳಿದಿದ್ದರಿಂದಲೇ ಅವಳು ಬದುಕಿದ್ದಾಳೇನೋ ಎಂದು ಅವನಿಗೆ ಕೆಲವು ಸಲ ಭಯವಾಗುತ್ತದೆ. ಅಪ್ಪನ ಹೆಸರಿನಲ್ಲಿ ಅಪ್ಪ ಬದುಕಿದ್ದಾರೆಂದು ಅರವತ್ತು ಜನರನ್ನು ನಂಬಿಸಿದ್ದೇನಮ್ಮಾ ಎಂದು ಅವಳಿಗೆ ಹೇಗೆ ಹೇಳುವುದು? ಹೇಳದೆ ಹೇಗಿರುವುದು? ಇನ್ನೊಂದು ಚೊಂಬು ಸುರಿದುಕೊಂಡ. ಆಷಾಢದ ಗಾಳಿ ಕಿಟಕಿಯ ಸರಳಿನೊಳಗಿಂದ ಬರುತ್ತಿತ್ತು.

ಆಚಾರ್ಯರು ಸರಿಯಾಗಿ ಹನ್ನೊಂದಕ್ಕೆ ಬಂದರು. ಊಟಕ್ಕೆ ಹೇಳಿದ್ದ ಇಬ್ಬರು ಬ್ರಾಹ್ಮಣರಲ್ಲಿ ಒಬ್ಬರು ಬಂದಿದ್ದರು, ಇನ್ನೊಬ್ಬರು ಇನ್ನೊಂದು ಮನೆಯಲ್ಲಿ ಮುಗಿಸಿ ಬರಬೇಕಿತ್ತು. “ಅವರು ಬರ್ಲಿ, ಶುರು ಮಾಡೋಣ, ಪವಿತ್ರ ಹಾಕ್ಕೊಂಡು ಸಿದ್ಧವಾಗಿರಿ,” ಎಂದು ದರ್ಭೆಯ ಉಂಗುರ ಕೊಟ್ಟು ಆಚಾರ್ಯರು ಮೊಬೈಲ್ ಹಿಡಿದು ಮೂಲೆ ಸೇರಿದರು. ಒದ್ದೆ ಪಂಚೆಯಲ್ಲಿ ಸುಧೀಂದ್ರ ಅಂಗಳಕ್ಕೆ ಬಂದು ನಿಂತ. ತಿಥಿಯ ದಿನವಾದ್ದರಿಂದ ಬಾಗಿಲಿಗೆ ರಂಗೋಲಿ ಇರಲಿಲ್ಲ, ಬರಿ ನೀರು ಹಾಕಿ ಸಾರಿಸಿದ್ದರು. ಗೇಟಿನಾಚೆ, ಎದುರು ಮನೆಯ ಕಾಂಪೌಂಡಿಗೆ ತಾಗಿ ಒಂದು ಮರವಿತ್ತು. ಮೂವತ್ತು ವರ್ಷದಿಂದ ಇದ್ದ ಮರ. ಅದರ ಹೆಸರು ಅವನಿಗೆ ಗೊತ್ತಿರಲಿಲ್ಲ. ಎಂಟು ತಿಂಗಳಲ್ಲಿ ಇನ್ನೂರು ಮರ ಬರೆದವನು, ಒಂದನ್ನೂ ಹೋಗಿ ನೋಡಿರಲಿಲ್ಲ. ಹೆಸರು ನೆನಪಿಗೆ ಬಂದದ್ದು, ಕೇಳಲು ಚೆನ್ನಾಗಿದ್ದದ್ದು, ಅಪ್ಪ ಎಂದೋ ಹೇಳಿದ್ದು. ಯಾರು ಹೋಗಿ ನೋಡುತ್ತಾರೆ? ಓದುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಕಾಫಿ ಕುಡಿಯುತ್ತಾರೆ. ಅಷ್ಟರಲ್ಲಿ ಆ ಮರದ ಕೆಳಗೆ ಒಬ್ಬ ಮುದುಕ ನಿಂತು ಕಾಂಡವನ್ನು ಅಂಗೈಯಿಂದ ತಟ್ಟಿ ನೋಡುತ್ತಿರುವುದು ಕಾಣಿಸಿತು. ಬಿಳಿ ಧೋತರ, ಖಾಕಿ ಅಂಗಿ, ಕೈಯಲ್ಲಿ ಒದ್ದೆ ಟವೆಲ್ಲಿನಲ್ಲಿ ಸುತ್ತಿದ ಒಂದು ಟೊಂಗೆ. ಭರಮಪ್ಪನೇ ಎಂದು ಸುಧೀಂದ್ರನಿಗೆ ಹೊಳೆಯಿತು. ಒಳಗೆ ಹೋಗಿಬಿಡಬೇಕೆಂದುಕೊಳ್ಳುವಷ್ಟರಲ್ಲಿ ಮುದುಕ ಗೇಟಿನ ಹತ್ತಿರ ಬಂದ.

“ನಮಸ್ಕಾರ್ರೀ. ವೆಂಕಟಗಿರಿ ರಾಯರ ಮನಿ ಇದ ಅಲ್ರೀ? ನಾ ಭರಮಪ್ಪ, ಬ್ಯಾಡರಹಳ್ಳಿಯಿಂದ ಬಂದೇನಿ.”

“ಮೇಲ್ ನೋಡ್ಲಿಲ್ವಾ ನೀವು? ನಿನ್ನೆ ಕಳಿಸಿದ್ರಲ್ಲ, ಊರಲ್ಲಿರಲ್ಲ ಅಂತ.”

“ಓದೋಳು ಮೊಮ್ಮಗಳ್ರೀ, ಆಕಿ ತಾಯಿ ಕೂಡ ಊರಿಗೆ ಹೋಗ್ಯಾಳ. ನನಗ ಆ ಡಬ್ಬಿ ತಗಿಯಾಕ ಬರಂಗಿಲ್ಲ.” ಮುದುಕನ ಮುಖ ಇಳಿಯಿತು. “ರಾಯರು ಇಲ್ಲೇನ್ರಿ ಹಂಗಾದ್ರ?”

“ಇಲ್ಲ. ಮಂತ್ರಾಲಯಕ್ಕೆ ಹೋಗಿದಾರೆ.” ಎಷ್ಟು ಸಲೀಸಾಗಿ ಬಂತು ಆ ಮಾತು! ಗೇಟು ತೆಗೆಯಲು ಕೈ ಮುಂದೆ ಮಾಡಿದವನು ತಾನು ಮಡಿಯಲ್ಲಿರುವುದು ನೆನಪಾಗಿ ಹಿಂದೆ ಎಳೆದುಕೊಂಡ. ಭರಮಪ್ಪ ಟವೆಲ್ಲು ಬಿಚ್ಚಿ ಟೊಂಗೆ ಚಾಚಿದ. ಹುಣಸೆಯ ಹೂವು. “ರಾಯರಿಗೆ ಅಂತ ತಂದೇನ್ರಿ.” ಸುಧೀಂದ್ರ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು, “ಅಲ್ಲಿ, ಆ ಕಟ್ಟೆ ಮೇಲಿಡಿ. ತಪ್ಪು ತಿಳ್ಕೋಬೇಡಿ,” ಎಂದ. ಮುದುಕ ತಪ್ಪು ತಿಳಿದನೋ ಇಲ್ಲವೋ, ಟೊಂಗೆಯನ್ನು ಕಟ್ಟೆಯ ಮೇಲಿಟ್ಟ. ನಾಚಿಕೆಯಿಂದ ಸುಧೀಂದ್ರನ ಕಿವಿ ಬಿಸಿಯಾದವು.

“ನೀವು ಮಗ ಏನ್ರಿ? ಟೈಪ್ ಮಾಡೋರು?”

“ಹೂಂ.”

“ಹಂಗಾದ್ರ ನಿಮ್ಮನ್ನ ಕೇಳತೇನಿ, ಮುಚ್ಚಬ್ಯಾಡ್ರಿ. ರಾಯರು ಆರಾಮ ಅದಾರಲ್ರಿ? ಕಣ್ಣು ನೆಟ್ಟಗ ಕಾಣ್ತಾವಲ್ರಿ?” ಭರಮಪ್ಪ ಗೇಟಿನ ಸರಳು ಹಿಡಿದು ಮುಂದೆ ಬಾಗಿದ. “ನಾ ಹಳಿಯಾಳದ ಕಡೆ ಫಾರೆಸ್ಟ್ ಗಾರ್ಡ್ ಇದ್ನಿ. ಹೆಂಡ್ತಿ ಹೋದ ಮ್ಯಾಲ ಇಲ್ಲಿ ಮಗಳ ಮನಿ. ಈ ಊರಾಗ ನನಗ ಯಾರೂ ಗೊತ್ತಿಲ್ಲ. ರಾಯರು ಬರದ ಮರ ಹುಡುಕ್ಕೊಂಡು ಹೋಗೂದು, ನೋಡೂದು, ಬರೂದು, ಅಷ್ಟ ನನ್ನ ಕೆಲಸ. ಮೊದಲ ಒಂದೂ ತಪ್ಪತಿರಲಿಲ್ಲ. ಈಗ ಚಳಿಗಾಲದಿಂದ ಒಂದೂ ಸಿಗವಲ್ದು. ಹೋದ ವಾರ ನಾಯಂಡಹಳ್ಳಿ ಗೋಡೌನ್ ಹಿಂದ ಬೂರಗ ಹೂ ಬಿಟ್ಟೈತಿ ಅಂತ ಬರದಿದ್ರು. ಬೂರಗ ಶಿವರಾತ್ರಿ ಸುಮಾರಿಗೆ ಬಿಡತೈತಿ. ಆಷಾಢದಾಗ ನಾ ಎಂದೂ ಕಂಡಿಲ್ಲ. ಆದ್ರೂ ರಾಯರು ಬರದಾರಂದ್ರ ಸುಳ್ಳಿರಂಗಿಲ್ಲ ಅಂತ ಹೋದೆ. ಇಡೀ ದಿನ ತಿರುಗಿದೆ. ಕಡೀಕ ಅಲ್ಲಿ ವಾಚಮನ್ ನನ್ನ ಕಳ್ಳ ಅಂತ ತಿಳದು ಅಂಗಿ ಹಿಡದು ಹೊರಗ ದಬ್ಬಿದ. ಅದಿರಲಿ ಬಿಡ್ರಿ. ರಾಯರಿಗೆ ಏನೋ ಆಗೈತಿ ಅಂತ ಅವತ್ತ ಅನಸ್ತು. ಮೊದಲ ಹೊತ್ತು ಬರೀತಿದ್ರು, ಆರೂವರಿ, ಏಳಕ್ಕ ಹತ್ತು ಅಂತ. ಈಗ ಅದೂ ಇಲ್ಲ.”

ಆ ಬೂರುಗದ ಪತ್ರಕ್ಕೆ ಇಪ್ಪತ್ತಾರು ಉತ್ತರ ಬಂದಿದ್ದವು. ಸುಧೀಂದ್ರ ಅದನ್ನು ಎರಡು ಗಂಟೆ ತಿದ್ದಿ ಬರೆದಿದ್ದ. ಈ ಮುದುಕನನ್ನು ಯಾರೋ ಅಂಗಿ ಹಿಡಿದು ದಬ್ಬುತ್ತಿರುವುದು ಕಣ್ಣಿಗೆ ಕಟ್ಟಿತು. ಕಾಲಿಗೆ ಬಿದ್ದು ಎಲ್ಲ ಹೇಳಿಬಿಡಬೇಕು. ಬಾಯಿ ತೆರೆದ. ಬಂದ ಮಾತು ಬೇರೆ. “ಬರವಣಿಗೆ ಹೇಗಿತ್ತು?”

“ಯಾವುದ್ರಿ?”

“ಅದೇ, ಆ ಪತ್ರದಲ್ಲಿ... ಹೂವಿನ ವರ್ಣನೆ ಎಲ್ಲ. ಚೆನ್ನಾಗಿತ್ತಾ?”

“ಅದನ್ನ ನಾ ಓದಸಂಗಿಲ್ರಿ,” ಎಂದ ಭರಮಪ್ಪ, ತಪ್ಪೊಪ್ಪಿಕೊಳ್ಳುವವನ ಹಾಗೆ ಸಣ್ಣಗೆ ನಕ್ಕು. “ಮೊಮ್ಮಗಳಿಗೆ ಹೇಳೇನಿ, ಮರ ಯಾವುದು, ಎಲ್ಲೈತಿ, ಅಷ್ಟ ಹೇಳವಾ, ಉಳದದ್ದು ಬಿಡು ಅಂತ. ರಾಯರಿಗೆ ಹೇಳಬ್ಯಾಡ್ರಿ ಮತ್ತ, ನೊಂದ್ಕೊಂಡಾರು.”

ಸುಧೀಂದ್ರನಿಗೆ ಜಗನ್ನಾಥ ಸಾಹೇಬರ ಕೆಂಪು ಶಾಯಿಯೇ ವಾಸಿ ಎನ್ನಿಸಿತು. ಅವರು ಓದಿಯಾದರೂ ಹೊಡೆದುಹಾಕಿದ್ದರು. ಮುದುಕನ ಮೇಲೆ ಹುಟ್ಟಿದ್ದ ಕನಿಕರ ಇದ್ದಕ್ಕಿದ್ದಂತೆ ಸಿಟ್ಟಾಯಿತು. ಹೋಗಯ್ಯಾ, ನಿನಗೇನು ಗೊತ್ತು, ನೀನೊಬ್ಬ ಕಾಡು ಕಾಯುವವನು. ಈ ಮನುಷ್ಯ ಬೇಗ ಹೋದರೆ ಸಾಕು, ನಾಳೆ ಬೆಳಿಗ್ಗೆ ಏಳಕ್ಕೆ ಮತ್ತೆ ಕೂತುಕೊಳ್ಳಬಹುದು. ಆದರೆ ಭರಮಪ್ಪ ಹೋಗಲಿಲ್ಲ. ಅವನ ಕಣ್ಣು ಸಾರಿಸಿದ ಬರಿ ನೆಲದ ಮೇಲೆ ಆಡಿ, ಒದ್ದೆ ಪಂಚೆಗೆ ಬಂದು, ಬೆರಳಿನ ದರ್ಭೆಯ ಮೇಲೆ ನಿಂತಿತು. ಕಾಡಿನಲ್ಲಿ ಹೆಜ್ಜೆ ನೋಡಿ ದಾರಿ ಹಿಡಿದ ಕಣ್ಣು.

“ಮನ್ಯಾಗ ತಿಥಿ ಏನ್ರಿ ಇವತ್ತು?”

“ಹೂಂ.”

“ಯಾರದ್ರಿ?”

ತಾತನದು ಎನ್ನೋಣವೆಂದುಕೊಂಡ. ಅಪ್ಪ ಬದುಕಿರುವಾಗ ತಾತನಿಗೆ ಅಪ್ಪ ಪಿಂಡ ಇಡಬೇಕು, ಮೊಮ್ಮಗನಲ್ಲ. ಇದು ಯಾರಿಗಾದರೂ ಗೊತ್ತು. ಚಿಕ್ಕಪ್ಪ? ಅವರಿಗೆ ಮಕ್ಕಳಿದ್ದಾರೆ. ಅಪ್ಪನನ್ನು ಮಂತ್ರಾಲಯಕ್ಕೆ ಕಳಿಸಿದವನು, ಬೆರಳಿಗೆ ಪವಿತ್ರ ಹಾಕಿಕೊಂಡು ನಿಂತವನು, ಯಾರಿಗೆ ಪಿಂಡ ಇಡಬಹುದು? ಅಪ್ಪ ಇದ್ದವನಿಗೆ ಉಳಿಯುವುದು ಒಬ್ಬಳೇ. ಮುದುಕ ಕಾಯುತ್ತಿದ್ದ. ಒಳಗೆ ಎಣ್ಣೆಗೆ ವಡೆ ಬಿದ್ದ ಸದ್ದಾಯಿತು.

“ನಮ್ಮ ತಾಯೀದು,” ಎಂದ.

“ಅಯ್ಯೋ ಶಿವನೇ. ರಾಯರು ಒಂದ್ ಮಾತು ಬರೀಲಿಲ್ಲಲ್ರಿ,” ಎಂದ ಭರಮಪ್ಪ. ಅಷ್ಟು ಅಂದವನ ಕಣ್ಣು ಸುಧೀಂದ್ರನ ಹೆಗಲಾಚೆ ಹೋಯಿತು. ಸುಧೀಂದ್ರ ತಿರುಗಿದ. ಹೊಸ್ತಿಲಲ್ಲಿ ಅಮ್ಮ ನಿಂತಿದ್ದಳು. ಗೇಟಿನಲ್ಲಿ ಯಾರದೋ ದನಿ ಕೇಳಿ, ಬಿಸಿಲಲ್ಲಿ ಬಂದವರಿಗೆಂದು ನೀರಿನ ಚೊಂಬು ಲೋಟ ಹಿಡಿದು ಬಂದಿದ್ದಳು. ಹಿಂದೆ ಜಲಜಾ, ಬಾಯಿಗೆ ಸೆರಗು ಒತ್ತಿಕೊಂಡು. ಅಮ್ಮ ಮಗನನ್ನು ನೋಡಲಿಲ್ಲ. ಮೆಲ್ಲಗೆ ಮೆಟ್ಟಿಲಿಳಿದು ಬಂದು, ಮಡಿಯ ಗೊಡವೆಗೆ ಹೋಗದೆ ಗೇಟಿನ ಚಿಲಕ ತೆಗೆದಳು. ಲೋಟಕ್ಕೆ ನೀರು ಬಗ್ಗಿಸಿ ಮುದುಕನ ಕೈಗೇ ಕೊಟ್ಟಳು.

“ನಾನೇ ಕಣಪ್ಪಾ ಇವನ ತಾಯಿ,” ಎಂದಳು. “ಇವತ್ತು ಅವರದ್ದು. ರಾಯರದ್ದು. ಹೋಗಿ ಎಂಟು ತಿಂಗಳಾಯ್ತು.”

ಭರಮಪ್ಪ ಲೋಟ ಹಿಡಿದುಕೊಂಡೇ ನಿಂತ. ಅವನ ತುಟಿ ಅಲುಗುತ್ತಿತ್ತು, ತಿಂಗಳುಗಳನ್ನು ಎಣಿಸುತ್ತಿದ್ದ. ಈಗ ಕೇಳುತ್ತಾನೆ, ಸುಧೀಂದ್ರ ಅಂದುಕೊಂಡ. ಹಾಗಾದರೆ ಇಷ್ಟು ದಿನ ಬರೆದವರು ಯಾರು ಎಂದು ಕೇಳುತ್ತಾನೆ. ಭಯವಾಗುತ್ತಿದ್ದರೂ, ನಾಚಿಕೆಗೆಟ್ಟ ಮನಸ್ಸು ಆ ಪ್ರಶ್ನೆಗಾಗಿ ಹಾತೊರೆಯುತ್ತಿತ್ತು. ನಾನು ಎಂದುಬಿಡುತ್ತೇನೆ. ಒಂದು ಸಲ, ಒಬ್ಬರೆದುರು, ಅಮ್ಮನ ಎದುರೇ ಆಗಲಿ, ನಾನು ಬರೆದದ್ದು ಎಂದುಬಿಡುತ್ತೇನೆ. ಆಮೇಲೆ ಉಗಿಯಲಿ, ಹೊಡೆಯಲಿ.

“ಹಂಗಾದ್ರ,” ಎಂದ ಭರಮಪ್ಪ, “ಮರ ನೋಡಾಕ ಯಾರು ಹೋಗ್ತಿದ್ರು?”

ಸುಧೀಂದ್ರನ ಬಾಯಲ್ಲಿದ್ದ ಉತ್ತರ ಆ ಪ್ರಶ್ನೆಗಲ್ಲ. “ಯಾರೂ ಇಲ್ಲ,” ಎಂದ.

“ನಾ ಒಬ್ನ ಹೋಗ್ತಿದ್ನೇನು ಹಂಗಾರ.”

ಮುದುಕ ನೀರು ಕುಡಿದು ಲೋಟವನ್ನು ಅಮ್ಮನ ಕೈಗೆ ಕೊಟ್ಟ. ಕಟ್ಟೆಯ ಮೇಲಿದ್ದ ಹುಣಸೆಯ ಟೊಂಗೆಯನ್ನೂ ಎತ್ತಿ ಅವಳಿಗೇ ಕೊಟ್ಟು, ಎರಡೂ ಕೈ ಮುಗಿದು, ಸುಧೀಂದ್ರನ ಕಡೆ ತಿರುಗದೆ ರಸ್ತೆಗಿಳಿದ. ಅವನು ಕ್ರಾಸಿನ ತುದಿ ತಿರುಗುವವರೆಗೂ ಅಮ್ಮ ಗೇಟಿನಲ್ಲೇ ನಿಂತಿದ್ದಳು. ಎರಡನೆಯ ಬ್ರಾಹ್ಮಣರು ಸ್ಕೂಟರ್ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಒಳಗೆ ಹೋದರು. “ಯಜಮಾನ್ರೇ, ಬನ್ನಿ, ಕಾಲ ಮೀರ್ತಾ ಇದೆ,” ಎಂದು ಆಚಾರ್ಯರು ಕೂಗಿದರು. “ಅಮ್ಮಾ,” ಎಂದ ಸುಧೀಂದ್ರ. ಅವಳು ಚಿಲಕ ಹಾಕಿದಳು. ಟೊಂಗೆಯಲ್ಲಿ ಬಾಡಿದ್ದ ಒಂದೆರಡು ಎಲೆ ಕಿತ್ತು ಕೆಳಗೆ ಹಾಕಿದಳು. ಆಮೇಲೆ, ದಿನವೂ ಯಾವ ಮರ ಬರ್ದೆ ಎಂದು ಕೇಳುವ ಅದೇ ದನಿಯಲ್ಲಿ ಹೇಳಿದಳು:

“ಒಳಗೆ ಹೋಗು ಸುಧೀ. ನಿಮ್ಮಮ್ಮನ ತಿಥಿಗೆ ಹೊತ್ತಾಯ್ತು.”